75 ಮಿ.ಮೀ. ಎತ್ತಿದರೂ ಸಿಗದ ಜಾಗ 55ರಲ್ಲಿ ಸಿಕ್ಕಿದ್ದು: 33 ಇಂಚಿನ ಟೈರ್‌ನ ಒಂದು ಪ್ರಕರಣ

ಗಾಡಿ: ಲ್ಯಾಡರ್ ಫ್ರೇಮಿನ ಡಬಲ್ ಕ್ಯಾಬ್ ಪಿಕಪ್, ಫೋರ್ ವೀಲ್ ಡ್ರೈವ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲಿನ, ಕೆಳಗಿನ ಎರಡು ತೋಳು) ಮತ್ತು ಕಾಯಿಲ್‌ಓವರ್ (ಸುತ್ತ ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್), ಹಿಂದೆ ಇಡೀ ಆಕ್ಸಲ್ ಮತ್ತು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಕಂಪನಿ ಟೈರ್ 265/70 ಆರ್16, ಕಂಪನಿ ಚಕ್ರ 7 ಇಂಚು ಅಗಲ, ಆಫ್‌ಸೆಟ್ (ಹಬ್‌ಗೆ ಕೂರುವ ಮುಖ ಚಕ್ರದ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು) +30. ಡಿಫರೆನ್ಶಿಯಲ್ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು).

ಮೊದಲೇ ಆಗಿದ್ದ ಕೆಲಸ: ಮುಂದಿನ ಕಾಯಿಲ್‌ಓವರ್ ನೆತ್ತಿಯ ಮೇಲೆ 40 ಮಿ.ಮೀ. ಅಲ್ಯೂಮಿನಿಯಂ ಸ್ಪೇಸರ್, ಹಿಂದಿನ ಪಟ್ಟಿಯ ಕೆಳಗೆ 50 ಮಿ.ಮೀ. ಬ್ಲಾಕ್. ಅದಾದ ಮೇಲೆ 285/75 ಆರ್16 ಟೈರ್, 8 ಇಂಚಿನ ಚಕ್ರ, ಆಫ್‌ಸೆಟ್ 0.

ದೂರು: ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಕ್ಯಾಬ್ ಮೌಂಟಿಗೆ (ಕ್ಯಾಬನ್ನು ಫ್ರೇಮಿಗೆ ಕೂರಿಸುವ, ಮುಂದಿನ ಚಕ್ರದ ಹಿಂದಿರುವ ಬ್ರಾಕೆಟ್) ಉಜ್ಜುತ್ತದೆ. ಗುಂಡಿಗೆ ಇಳಿದಾಗ ಮುಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಹೆದ್ದಾರಿಯಲ್ಲಿ ಸ್ಟೇರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ನಿಂತಲ್ಲಿಂದ ಹೊರಡುವಾಗ ಸೀಟಿನ ಕೆಳಗೆ ನಡುಕ.

ಮಾಲೀಕರು ಕೇಳಿದ್ದು ಒಂದೇ: ಇನ್ನೊಂದು ಇಂಚು ಎತ್ತಿದರೆ ಸರಿಹೋಗುತ್ತದೆಯೇ? ಕೆಲಸ ಮುಗಿದಾಗ ಗಾಡಿಯ ಮುಂಭಾಗ ಬಂದಾಗಿನದಕ್ಕಿಂತ 20 ಮಿ.ಮೀ. ತಗ್ಗಿತ್ತು. ಟೈರ್ ಮಾತ್ರ ಅದೇ, ಎಲ್ಲೂ ತಾಗುತ್ತಿರಲಿಲ್ಲ.

ಟೈರ್ ಎಷ್ಟು ದೊಡ್ಡದಾಯಿತು

265ರ 70 ಶೇಕಡ 185.5, ಎರಡು ಬದಿಗೆ 371, ಅದಕ್ಕೆ 16 ಇಂಚಿನ 406.4 ಸೇರಿದರೆ 777 ಮಿ.ಮೀ. ಹೊಸದು ಇದೇ ಲೆಕ್ಕದಲ್ಲಿ 834 ಮಿ.ಮೀ., ಅಂದರೆ 32.8 ಇಂಚು. ವ್ಯಾಸ 57 ಬೆಳೆದರೂ ಹಬ್‌ನಿಂದ ಯಾವ ದಿಕ್ಕಿಗೆ ನೋಡಿದರೂ ಟೈರ್ ಮುಂದೆ ಬಂದಿರುವುದು 28 ಮಿ.ಮೀ. ಮಾತ್ರ. ನೆಲದ ಕಡೆಗೆ ಹೋದ 28 ಗಾಡಿಯನ್ನು ಎತ್ತುತ್ತದೆ, ಅದು ಲಾಭ. ಮಡ್‌ಗಾರ್ಡ್ ಕಡೆಗೂ ಕ್ಯಾಬ್ ಮೌಂಟ್ ಕಡೆಗೂ ಹೋದ 28 ತಕರಾರಿನ ಮೂಲ.

ಅಗಲದ ಲೆಕ್ಕ ಬೇರೆ. ಚಕ್ರ ಹಬ್‌ಗೆ ಕೂರುವ ಮುಖದಿಂದ ಹೊರಕ್ಕೆ ಕಂಪನಿ ಟೈರ್ 102.5 ಮಿ.ಮೀ. ಚಾಚಿತ್ತು (265ರ ಅರ್ಧದಲ್ಲಿ 30 ಕಳೆದು). ಆಫ್‌ಸೆಟ್ 0 ಚಕ್ರದ ಮೇಲೆ 285 ಚಾಚುವುದು 142.5. ಹೊರಕ್ಕೆ 40 ಮಿ.ಮೀ. ಹೆಚ್ಚು. ನೋಡಲು ಗಾಡಿ ಗಟ್ಟಿಮುಟ್ಟಾಗಿ ನಿಂತಂತೆ ಕಾಣುತ್ತದೆ, ನಿಜ. ಆದರೆ ಈ ಗಾಡಿಯ ಅರ್ಧ ತೊಂದರೆ ಅಲ್ಲೇ ಇತ್ತು.

ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತನ್ನ ನಡುವಿನ ಮೇಲೆ ತಿರುಗುವುದಿಲ್ಲ. ಎರಡು ತೋಳುಗಳ ತುದಿಯಲ್ಲಿರುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳನ್ನು ಸೇರಿಸುವ ರೇಖೆಯ ಸುತ್ತ, ಬಾಗಿಲು ಕೀಲಿನ ಸುತ್ತ ತಿರುಗುವ ಹಾಗೆ, ತಿರುಗುತ್ತದೆ. ಎಡಕ್ಕೆ ತಿರುಗಿಸಿದರೆ ಎಡಚಕ್ರದ ನಡು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಚಕ್ರ ಆ ರೇಖೆಯಿಂದ ಹೊರಕ್ಕೆ ಹೋದಷ್ಟೂ ಸರಿತ ಹೆಚ್ಚು. ಆಫ್‌ಸೆಟ್ +30ರಿಂದ 0ಗೆ ಬಂದರೆ, 35 ಡಿಗ್ರಿ ತಿರುಗಿದಾಗ 30 × 0.57, ಅಂದರೆ 17 ಮಿ.ಮೀ. ಹೆಚ್ಚುವರಿಯಾಗಿ ಹಿಂದಕ್ಕೆ. ಅಲ್ಲಿ ಕಾಯುತ್ತಿರುವುದು ಕ್ಯಾಬ್ ಮೌಂಟ್. ಟೊಯೊಟಾದ ಟಕೋಮಾ, ಹೈಲಕ್ಸ್ ಜಾತಿಯ ಪಿಕಪ್‌ಗಳಲ್ಲಿ 33 ಇಂಚಿನ ಟೈರ್ ಮೊದಲು ಮುತ್ತಿಡುವ ಜಾಗವೇ ಅದು.

ಎತ್ತಿದರೆ ಜಾಗ ಏಕೆ ಸಿಗುವುದಿಲ್ಲ

ಗಾಡಿ ನಿಂತಾಗ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಕಾಣುವ ಕಿಂಡಿಯನ್ನು ನೋಡಿ ಮೋಸಹೋಗುವವರೇ ಹೆಚ್ಚು. ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚಕ್ರ ನಿಲ್ಲುವ ಜಾಗವನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್, ಅಂದರೆ ತೋಳನ್ನು ತಡೆದು ನಿಲ್ಲಿಸುವ ರಬ್ಬರ್. ಸ್ಪ್ರಿಂಗ್ ಎಷ್ಟೇ ಎತ್ತರದ್ದಿರಲಿ, ಗುಂಡಿಯಲ್ಲಿ ಚಕ್ರ ಅದೇ ಮೇಲಿನ ಗುರುತಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಟೈರ್ ತಾಗುವುದಾದರೆ ಇಂಚುಗಟ್ಟಲೆ ಎತ್ತಿದ ಮೇಲೂ ತಾಗುತ್ತದೆ, ಸ್ವಲ್ಪ ಅಪರೂಪಕ್ಕೆ ಅಷ್ಟೆ.

ಅಳತೆಗೆ ಒಂದು ಸೊನ್ನೆ ಬೇಕು. ಕಂಪನಿಯಿಂದ ಬಂದಾಗ ನಿಂತ ಎತ್ತರವನ್ನು 0 ಎಂದಿಟ್ಟುಕೊಂಡರೆ ಈ ಗಾಡಿಯ ಮುಂದಿನ ಚಕ್ರ ಮೇಲಕ್ಕೆ 95 ಮಿ.ಮೀ., ಕೆಳಕ್ಕೆ 105 ಮಿ.ಮೀ. ಚಲಿಸುತ್ತಿತ್ತು. ಎತ್ತರವನ್ನು ನೆಲದಿಂದ ಅಳೆಯಬಾರದು, ಟೈರ್ ಗಾಳಿ ಕೂಡ ಲೆಕ್ಕ ಕೆಡಿಸುತ್ತದೆ. ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ನೇರ ಗೆರೆ: ಕಂಪನಿ ಅಳತೆ 510, ಗಾಡಿ ಬಂದಾಗ 585.

ಸ್ಪೇಸರ್ 40, ಎತ್ತರ 75 ಹೇಗೆ? ಕಾಯಿಲ್‌ಓವರ್ ಕೆಳಗಿನ ತೋಳಿನ ಸರಿಸುಮಾರು ನಡುವೆ ಕೂತಿದೆ. ಚಕ್ರ 100 ಸರಿದರೆ ಶಾಕ್ ಸರಿಯುವುದು 53. 40ನ್ನು 0.53ರಿಂದ ಭಾಗಿಸಿದರೆ 75. ಒಂದಕ್ಕೆ ಎರಡು ಎಂದು ಗ್ಯಾರೇಜಿನಲ್ಲಿ ಹೇಳುವ ಬಾಯಿಲೆಕ್ಕ ಇದರದ್ದೇ.

ಈಗ ಆ ಸ್ಪೇಸರ್ ಮಾಡಿದ್ದೇನು ನೋಡಿ. ಅದು ಇಡೀ ಶಾಕನ್ನು 40 ಮಿ.ಮೀ. ಕೆಳಕ್ಕೆ ತಳ್ಳಿದೆ. ಕಂಪನಿ ವ್ಯವಸ್ಥೆಯಲ್ಲಿ ಬಂಪ್ ಸ್ಟಾಪ್ ಪೂರ್ತಿ ಒತ್ತಿದಾಗಲೂ ಶಾಕ್‌ನಲ್ಲಿ 10 ಮಿ.ಮೀ. ಉಳಿದಿರುತ್ತಿತ್ತು. ಈಗ ಬಂಪ್ ಸ್ಟಾಪ್ ತಲುಪುವ ಮೊದಲೇ, ಶಾಕ್ ಲೆಕ್ಕದಲ್ಲಿ 30, ಚಕ್ರದ ಲೆಕ್ಕದಲ್ಲಿ 57 ಮಿ.ಮೀ. ಮುಂಚೆ, ಪಿಸ್ಟನ್ ತಳ ಸೇರುತ್ತದೆ. ಕೇಳಿಸುತ್ತಿದ್ದ ಸದ್ದು ಅದೇ. ಬಂಪ್ ಸ್ಟಾಪ್ ರಬ್ಬರಿನ ಮೇಲೆ ಒಂದು ಗುರುತೂ ಇರಲಿಲ್ಲ, ಹೊಸದರಂತಿತ್ತು. ಎಡ ಶಾಕ್‌ನ ಕೆಳಗಿನ ಬುಷ್ (ಕೀಲಿನ ರಬ್ಬರ್ ಉಂಗುರ) ಕಿತ್ತು ಮೊಟ್ಟೆಯಾಕಾರಕ್ಕೆ ಬಂದಿತ್ತು. ರಬ್ಬರ್ ಮಾಡಬೇಕಾದ ಕೆಲಸವನ್ನು ಶಾಕ್ ಮಾಡುತ್ತಿತ್ತು.

ಕೆಳಗಿನ ತುದಿಯಲ್ಲೂ ಹಾಗೆಯೇ. ಚಕ್ರ ಈಗ −105ರ ಬದಲು −180ರವರೆಗೆ ಜೋತುಬೀಳಲು ಶಾಕ್ ಬಿಡುತ್ತದೆ. ಅಷ್ಟು ಕೆಳಗೆ ಹೋಗಲು ಮೇಲಿನ ತೋಳಿಗೆ ಜಾಗವಿಲ್ಲ, ಅದು ಸ್ಪ್ರಿಂಗ್‌ಗೆ ಬಡಿಯುತ್ತದೆ. ಎರಡೂ ಬದಿಯ ಸ್ಪ್ರಿಂಗ್‌ನ ಮೂರನೇ ಸುತ್ತಿನಲ್ಲಿ ಬಣ್ಣ ಹೋಗಿ ಬೆಳ್ಳಿಯಂತೆ ಹೊಳೆಯುವ ಗೆರೆ ಸಿಕ್ಕಿತು. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಶಾಫ್ಟ್‌ನ ಕಥೆಯೂ ಇದೇ: ಎರಡು ಜಾಯಿಂಟ್‌ಗಳ ನಡುವೆ 400 ಮಿ.ಮೀ. ಇದ್ದು, 180 ಜೋತರೆ ಕೋನ 24 ಡಿಗ್ರಿ, ಮೊದಲೇ ಇದ್ದ 3 ಸೇರಿ 27. ಒಳಗಿನ ಟ್ರೈಪಾಡ್ ಜಾಯಿಂಟ್ ಸಾಮಾನ್ಯವಾಗಿ 23ರಿಂದ 26 ಡಿಗ್ರಿಯೊಳಗೆ ಸುಖವಾಗಿರುತ್ತದೆ. ಜಾಯಿಂಟ್ ಮುಚ್ಚುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಬಲಗಡೆ ಗ್ರೀಸ್ ಸೋರಲು ಶುರುವಾಗಿತ್ತು.

ಇದರಲ್ಲಿ ಒಂದು ವಿಚಿತ್ರವಿದೆ. ಶಾಕ್ ಬೇಗ ತಳ ಸೇರುತ್ತಿದ್ದುದರಿಂದ ಚಕ್ರ +38ಕ್ಕಿಂತ ಮೇಲೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಮಡ್‌ಗಾರ್ಡ್ ಒಳಗೆ ಟೈರ್ ತಾಗಿರಲಿಲ್ಲ. ಅಂದರೆ ಸರಿಯಾದ ಶಾಕ್ ಹಾಕಿದ ದಿನ ಹೊಸ ಜಾಗದಲ್ಲಿ ಉಜ್ಜಾಟ ಶುರುವಾಗಬೇಕು. ಇದನ್ನು ಮೊದಲೇ ಎಣಿಸದವರು ಕೆಲಸ ಕೆಟ್ಟಿತು ಎಂದು ಮತ್ತೆ ಸ್ಪೇಸರ್ ಹುಡುಕುತ್ತಾರೆ.

ಸ್ಪ್ರಿಂಗ್ ಇಲ್ಲದೆ ಅಳೆಯುವುದು

ಯಾವ ಭಾಗವನ್ನೂ ತರಿಸುವ ಮೊದಲು ಗಾಡಿಯನ್ನು ಫ್ರೇಮಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಕಾಯಿಲ್‌ಓವರ್ ಎರಡೂ ಬದಿಯಲ್ಲಿ ಪೂರ್ತಿ ಹೊರತೆಗೆಯಲಾಯಿತು. ಸ್ಟೆಬಿಲೈಸರ್ ಬಾರ್‌ನ ಲಿಂಕ್ ಕೂಡ ಬಿಚ್ಚಬೇಕು, ಇಲ್ಲದಿದ್ದರೆ ಒಂದು ಬದಿ ಎತ್ತುವಾಗ ಇನ್ನೊಂದು ಬದಿ ಎಳೆಯುತ್ತದೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಎಳೆತಕ್ಕೆ ಸಿಗದಂತೆ ಕಣ್ಣಿಟ್ಟು, ಕೆಳಗಿನ ತೋಳಿನ ಕೆಳಗೆ ಜ್ಯಾಕ್ ಕೊಟ್ಟು ಚಕ್ರವನ್ನು 10 ಮಿ.ಮೀ.ನಂತೆ ಮೇಲಕ್ಕೆ ಒಯ್ಯುತ್ತ, ಪ್ರತಿ ಹೆಜ್ಜೆಗೂ ಸ್ಟೇರಿಂಗ್ ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ ನೋಡುವುದು. ಅರ್ಧ ದಿನ ಹಿಡಿಯುತ್ತದೆ. ಈ ಅರ್ಧ ದಿನ ಉಳಿಸಲು ಹೋದವರು ಭಾಗಗಳನ್ನು ಎರಡು ಸಲ ತರಿಸುತ್ತಾರೆ.

ಕ್ಯಾಬ್ ಮೌಂಟಿನ ಕಡೆ ಟೈರ್ ತಾಗಿ ನಿಂತುಬಿಡುವುದರಿಂದ ಎಷ್ಟು ಹೆಚ್ಚಾಗಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಚಕ್ರ ಕಳಚಿ, ಹಬ್‌ಗೆ ಪ್ಲೈವುಡ್ ಪಟ್ಟಿಯೊಂದನ್ನು ಕಟ್ಟಲಾಯಿತು: ಹಬ್ ನಡುವಿನಿಂದ ತುದಿಗೆ 417 ಮಿ.ಮೀ., ಟೈರಿನ ಒಳ ಭುಜ ಇರಬೇಕಾದ ಸಮತಲದಲ್ಲಿ. ಪಟ್ಟಿ ಮೌಂಟನ್ನು ದಾಟಿ ಹೋಗುವಂತೆ ಪಕ್ಕದಲ್ಲಿ ಹಿಡಿದು ಗೀರು ಹಾಕಿದರೆ ಒತ್ತುವರಿ ನೇರವಾಗಿ ಸಿಗುತ್ತದೆ. ಪೂರ್ತಿ ತಿರುಗಿದಾಗ, ಅತಿ ಕೆಟ್ಟ ಎತ್ತರದಲ್ಲಿ, 22 ಮಿ.ಮೀ. ಮೌಂಟಿನ ಹೊರ ಅಂಚಿನಿಂದ ಒಳಗಿನ ಬುಷ್ ಕೊಳವೆಗೆ ಇದ್ದದ್ದು 35 ಮಿ.ಮೀ.

ಓಡುವಾಗ 15 ಮಿ.ಮೀ. ಬಿಡುವು ಬೇಕು. ಬ್ರೇಕ್ ಹಾಕಿದಾಗ ತೋಳಿನ ಬುಷ್‌ಗಳು ಬಾಗಿ ಚಕ್ರ ಹಿಂದಕ್ಕೆ ಬರುತ್ತದೆ, ಟೈರ್ ಕೂಡ ಉಬ್ಬುತ್ತದೆ, ಮಣ್ಣು ಮೆತ್ತುತ್ತದೆ. ಅಂದರೆ ಇದ್ದದ್ದು ಇದ್ದಂತೆ ಬಿಟ್ಟರೆ 37 ಕತ್ತರಿಸಬೇಕು. ಕೊಳವೆಗೇ ಗರಗಸ ಹೋಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಮೊದಲು ಟೈರನ್ನೇ ಮುಂದಕ್ಕೆ ತರುವ ದಾರಿ ನೋಡಬೇಕಿತ್ತು.

ಮಿಲಿಮೀಟರ್‌ಗಳನ್ನು ಎಲ್ಲೆಲ್ಲಿಂದ ಹೆಕ್ಕಿದ್ದು

ಮೊದಲನೆಯದು ಚಕ್ರ. ಆಫ್‌ಸೆಟ್ +30ಕ್ಕೆ ಮರಳಿದರೆ ಕ್ಯಾಬ್ ಮೌಂಟಿಗೆ ಅತ್ಯುತ್ತಮ, ಆದರೆ 285ರ ಒಳಗೋಡೆ ಕಂಪನಿ ಟೈರಿಗಿಂತ 10 ಮಿ.ಮೀ. ಒಳಕ್ಕೆ ಬಂದು ಮೇಲಿನ ಬಾಲ್ ಜಾಯಿಂಟ್ ಪಕ್ಕದಲ್ಲಿ 4 ಮಿ.ಮೀ. ಮಾತ್ರ ಉಳಿಯುತ್ತಿತ್ತು. ಒಂದು ಕಲ್ಲು ಸಿಕ್ಕಿಕೊಂಡರೆ ಗೋಡೆ ಸೀಳುತ್ತದೆ. +15 ಆಯ್ಕೆಯಾಯಿತು: ಒಳಗೆ 19 ಮಿ.ಮೀ. ಬಿಡುವು, ಹೊರಗೆ ಚಾಚುವುದು 142.5ರ ಬದಲು 127.5, ತಿರುಗಿದಾಗ ಹಿಂದಕ್ಕೆ ಬರುವುದರಲ್ಲಿ 8.6 ಮಿ.ಮೀ. ಉಳಿತಾಯ. ಚಕ್ರ ಬೇರಿಂಗ್ ಮತ್ತು ಟೈರಾಡಿನ ಮೇಲಿನ ಹೊರೆಯೂ ಇಳಿಯಿತು. ಆಫ್‌ಸೆಟ್ 0 ಚಕ್ರಕ್ಕೂ ಹಬ್‌ಗೂ ನಡುವೆ ಸ್ಪೇಸರ್ ಹಾಕಿ ಇದನ್ನು ಸಾಧಿಸಲಾಗುವುದಿಲ್ಲ. ಅಂಥ ಸ್ಪೇಸರ್ ಚಕ್ರವನ್ನು ಹೊರಕ್ಕೆ ಮಾತ್ರ ತಳ್ಳುತ್ತದೆ.

ಎರಡನೆಯದು ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಆ ರೇಖೆ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ. ಈ ಪ್ರಕರಣದ ಅತ್ಯಂತ ಸ್ವಾರಸ್ಯದ ಭಾಗ ಇದು. ಎತ್ತರಿಸಿದ ಮೇಲೆ ಕ್ಯಾಸ್ಟರ್ ಎಡಕ್ಕೆ 0.9, ಬಲಕ್ಕೆ 1.3 ಡಿಗ್ರಿಗೆ ಬಿದ್ದಿತ್ತು. ಸ್ಟೇರಿಂಗ್ ನಡುವಿಗೆ ಮರಳದಿರಲು ಕಾರಣ ಅದು. 33 ಇಂಚಿನ ಭಾರದ ಟೈರಿಗೆ 3 ಡಿಗ್ರಿಗೆ ಕಡಿಮೆಯಾದರೆ ಗಾಡಿ ಹೆದ್ದಾರಿಯಲ್ಲಿ ಅಲೆಯುತ್ತದೆ. ಕ್ಯಾಸ್ಟರ್ ಹೆಚ್ಚಿಸಲು ಎರಡು ದಾರಿ: ಮೇಲಿನ ಬಾಲ್ ಜಾಯಿಂಟನ್ನು ಹಿಂದಕ್ಕೆ ಎಳೆಯುವುದು, ಇಲ್ಲವೇ ಕೆಳಗಿನದನ್ನು ಮುಂದಕ್ಕೆ ತಳ್ಳುವುದು. ಅಲೈನ್‌ಮೆಂಟ್ ಯಂತ್ರದ ಪರದೆಗೆ ಎರಡೂ ಒಂದೇ. ಕ್ಯಾಬ್ ಮೌಂಟಿಗೆ ಒಂದೇ ಅಲ್ಲ.

ಎರಡು ಜಾಯಿಂಟ್‌ಗಳ ನಡುವೆ 300 ಮಿ.ಮೀ. ಇದ್ದು, 1 ಡಿಗ್ರಿಗೆ ಸುಮಾರು 5.2 ಮಿ.ಮೀ. ಸರಿಸಬೇಕು. ಮುಂದೆ ವಿವರಿಸುವ ಹೊಸ ಕಾಯಿಲ್‌ಓವರ್‌ನಿಂದ ಎತ್ತರ 55ಕ್ಕೆ ಇಳಿದಾಗ 0.4 ಡಿಗ್ರಿ ತಾನಾಗಿ ಮರಳಿತು. ಎಡಬದಿ 3 ತಲುಪಲು ಉಳಿದ 1.7 ಡಿಗ್ರಿಗೆ 9 ಮಿ.ಮೀ. ಚಕ್ರದ ನಡು ಕೆಳಗಿನ ಜಾಯಿಂಟಿನಿಂದ ಮೂರನೇ ಒಂದು ಭಾಗ ಮೇಲಿದೆ. ಹಾಗಾಗಿ ಮೇಲಿನದನ್ನು 9 ಹಿಂದಕ್ಕೆ ಎಳೆದರೆ ಚಕ್ರ 3 ಮಿ.ಮೀ. ಹಿಂದೆ ಬರುತ್ತದೆ, ಕೆಳಗಿನದನ್ನು 9 ಮುಂದಕ್ಕೆ ತಳ್ಳಿದರೆ 6 ಮಿ.ಮೀ. ಮುಂದೆ ಹೋಗುತ್ತದೆ. ಎರಡರ ಅಂತರ 9 ಮಿ.ಮೀ. ಮಾರುಕಟ್ಟೆಯ ಮೇಲಿನ ತೋಳುಗಳಲ್ಲಿ ಬಹುಪಾಲು ಕ್ಯಾಸ್ಟರ್ ಹೆಚ್ಚಿಸಲೆಂದೇ ಜಾಯಿಂಟನ್ನು ಹಿಂದಕ್ಕೆ ಇಟ್ಟು ಮಾಡಿದವು. ಇಲ್ಲಿ ಹೊಂದಿಸಬಹುದಾದ ತೋಳು ತಂದು, ಅದನ್ನು ಅತಿ ಕಡಿಮೆ ಕ್ಯಾಸ್ಟರ್ ಗುರುತಿಗೆ ಇಟ್ಟು, ತಿರುಗಿಸಿದರೆ ಕೆಳಗಿನ ತೋಳು ಸರಿಯುವ ಕ್ಯಾಮ್ ಬೋಲ್ಟ್‌ಗಳಿಂದ ಪೂರ್ತಿ ಕೆಲಸ ತೆಗೆಯಲಾಯಿತು.

ಹಾಗಾದರೆ ಹೊಸ ಮೇಲಿನ ತೋಳು ಏಕೆ ಬೇಕಿತ್ತು? ಜೋತುಬಿದ್ದಾಗ ಬಾಲ್ ಜಾಯಿಂಟ್ ಗಂಟುಬೀಳದಿರಲು, ಸ್ಪ್ರಿಂಗ್‌ಗೆ ತೋಳು ಬಡಿಯದಿರಲು. ಯೂನಿಬಾಲ್ (ಮುಚ್ಚಳವಿಲ್ಲದ ಉಕ್ಕಿನ ಗುಂಡುಕೀಲು) ಇರುವ ತೋಳು ಹೆಚ್ಚು ಕೋನ ಕೊಡುತ್ತದೆ, ಆದರೆ ಕೆಸರು ನೀರಿನಲ್ಲಿ ಓಡಿದರೆ ಬೇಗ ಕಟಕಟ ಎನ್ನುತ್ತದೆ. 70 ಮಿ.ಮೀ. ಜೋತಿಗೆ ಮುಚ್ಚಿದ ಬಾಲ್ ಜಾಯಿಂಟ್ ಸಾಕು. ಇಲ್ಲಿ ಹಾಕಿದ್ದು ಅದನ್ನೇ.

ಲೆಕ್ಕ ಇಲ್ಲಿಗೆ: 22ರಲ್ಲಿ 8.6 ಮತ್ತು 6 ಕಳೆದರೆ 7.4. ಅದಕ್ಕೆ 15 ಬಿಡುವು ಸೇರಿಸಿ 23 ಮಿ.ಮೀ. ಕತ್ತರಿಸಿದರೆ ಸಾಕು, ಬುಷ್ ಕೊಳವೆಯ ಹೊರಗೆ 12 ಮಿ.ಮೀ. ಉಕ್ಕು ಉಳಿಯುತ್ತದೆ.

ಕತ್ತರಿಸುವ ಕೆಲಸಕ್ಕೆ ಬ್ಯಾಟರಿಯ ಎರಡೂ ತುದಿ ಬಿಚ್ಚಿ, ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ಮೌಂಟಿನ ಪಕ್ಕದಲ್ಲೇ ಹಿಡಿಸಬೇಕು. ದೂರದಲ್ಲಿ ಹಿಡಿಸಿದರೆ ಕರೆಂಟು ಬೇರಿಂಗ್ ಅಥವಾ ಎಲೆಕ್ಟ್ರಾನಿಕ್ಸ್ ಮೂಲಕ ದಾರಿ ಹುಡುಕುತ್ತದೆ. ಫ್ರೇಮಿನ ಒಳಬದಿಯಲ್ಲಿ ಹಾದುಹೋಗುವ ಇಂಧನ ಮತ್ತು ಬ್ರೇಕ್ ಪೈಪುಗಳಿಗೆ ಬೆಂಕಿ ತಡೆಯುವ ಒದ್ದೆ ಬಟ್ಟೆಯ ಹೊದಿಕೆ. ಕತ್ತರಿಸಿದ ಬಾಯಿಯನ್ನು ತೆರೆದು ಬಿಡುವುದು ದೊಡ್ಡ ತಪ್ಪು: ಮೌಂಟ್ ಪೆಟ್ಟಿಗೆಯಂತಿರುವುದರಿಂದಲೇ ಗಟ್ಟಿ. 4 ಮಿ.ಮೀ. ಉಕ್ಕಿನ ತಗಡನ್ನು ರಟ್ಟಿನ ಮಾದರಿಯಿಂದ ಕತ್ತರಿಸಿ, ದುಂಡಗೆ ಬಾಗಿಸಿ, ಸುತ್ತಲೂ ಬೆಸುಗೆ ಹಾಕಿ, ಜಿಂಕ್ ಪ್ರೈಮರ್ ಬಳಿಯಲಾಯಿತು. ಕೆಳಗೆ ನೀರು ಇಳಿಯಲು 8 ಮಿ.ಮೀ. ತೂತು. ಮೌಂಟಿನ ಮೇಲಿರುವ ಬಾಡಿಯ ಜೋಡುಅಂಚನ್ನು ಸುತ್ತಿಗೆಯಿಂದ ಮಡಿಸಿದ ಮೇಲೆ ಸೀಮ್ ಸೀಲರ್ ಹಚ್ಚದೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆ.

ಟೈರ್ ಮುಂದಕ್ಕೆ ಹೋದ 6 ಮಿ.ಮೀ.ಗೆ ಬೆಲೆ ತೆತ್ತದ್ದು ಬಂಪರಿನ ಕೆಳಮೂಲೆ. ಪ್ಲಾಸ್ಟಿಕ್ 20 ಮಿ.ಮೀ. ಕತ್ತರಿಸಿದರೆ ಮುಗಿಯಿತು. ಒಳಗಿನ ಲೈನರನ್ನು ಬಿಸಿಗಾಳಿ ಗನ್ನಿನಿಂದ ಮೆತ್ತಗೆ ಮಾಡಿ ಟೈರಿನಿಂದ ದೂರಕ್ಕೆ ಒತ್ತಲಾಯಿತು.

ಕಾಯಿಲ್‌ಓವರ್ ಮತ್ತು ಬಂಪ್ ಸ್ಟಾಪ್

ಪ್ಲೈವುಡ್ ಅಳತೆ ತೆಗೆದು ಟೈರ್ ಮತ್ತೆ ಹಾಕಿ ಮೇಲಕ್ಕೆ ಒಯ್ದಾಗ, ತಿರುಗಿದ ಚಕ್ರ ಮಡ್‌ಗಾರ್ಡಿನ ಹಿಂದಿನ ಮೇಲಂಚಿಗೆ +78ರಲ್ಲಿ ತಾಗಿತು. ಕಂಪನಿ ಮಿತಿ +95. ಮಿತಿಯನ್ನು +70ಕ್ಕೆ ತರಬೇಕು, ಅಂದರೆ ಚಕ್ರದಲ್ಲಿ 25 ಮಿ.ಮೀ. ಬಂಪ್ ಸ್ಟಾಪ್ ಕೂರುವ ಜಾಗದಲ್ಲಿ ಅನುಪಾತ 0.55, ಹಾಗಾಗಿ ಅದರ ಬುಡಕ್ಕೆ 14 ಮಿ.ಮೀ. ಉಕ್ಕಿನ ಬಿಲ್ಲೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ರಬ್ಬರ್ ತೋಳಿಗೆ ಮುಟ್ಟಿದ ಗುರುತನ್ನೇ ಮಿತಿ ಎಂದುಕೊಳ್ಳುತ್ತಾರೆ. ಜೋರಾದ ಹೊಡೆತಕ್ಕೆ ರಬ್ಬರ್ ಅರ್ಧದಷ್ಟು ಕುಗ್ಗುತ್ತದೆ. ಅಳತೆಯ ವೇಳೆ ಗಾಡಿಯ ತೂಕ ಜ್ಯಾಕಿನ ಮೇಲೆ ಬಂದು ರಬ್ಬರ್ ಚಪ್ಪಟೆಯಾಗುವವರೆಗೆ ಒತ್ತಬೇಕು.

ಹೊಸ ಕಾಯಿಲ್‌ಓವರ್ ಆರಿಸುವಾಗ ಎತ್ತರಕ್ಕಿಂತ ಎರಡು ತುದಿಗಳ ಉದ್ದ ಮುಖ್ಯ. ಬಂಪ್ ಸ್ಟಾಪ್ ಪೂರ್ತಿ ಕುಗ್ಗಿದಾಗ ಶಾಕ್‌ನಲ್ಲಿ ಕನಿಷ್ಠ 8 ಮಿ.ಮೀ. ಉಳಿದಿರಬೇಕು. ಪೂರ್ತಿ ಚಾಚಿದಾಗ ಚಕ್ರ −125 ದಾಟಬಾರದು, ಅಲ್ಲಿ ಆಕ್ಸಲ್ ಕೋನ 20 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಎರಡು ಗೂಟಗಳ ನಡುವೆ ಒಟ್ಟು ಚಲನೆ 195 ಮಿ.ಮೀ. ಅದನ್ನು ಹಂಚಿಕೊಳ್ಳಬೇಕಷ್ಟೆ, ಹೆಚ್ಚಿಸಲಾಗದು. 55 ಎತ್ತಿದರೆ ಮೇಲಕ್ಕೆ 125, ಕೆಳಕ್ಕೆ 70. 75 ಎತ್ತಿದರೆ ಕೆಳಕ್ಕೆ 50. ಮಾಲೀಕರು ಕೇಳಿದಂತೆ ಇನ್ನೊಂದು ಇಂಚು, 100 ಎತ್ತಿದರೆ, ಕೆಳಕ್ಕೆ ಉಳಿಯುವುದು 25. ಅಷ್ಟಕ್ಕೆ ಪ್ರತಿ ಹಳ್ಳದಲ್ಲೂ ಶಾಕ್ ತುದಿಗೆ ಚಾಚಿ ಟಕ್ ಎನ್ನುತ್ತದೆ, ಚಕ್ರ ನೆಲ ಬಿಡುತ್ತದೆ. ಕಲ್ಲುಗಳ ಮೇಲೆ ಹತ್ತಲೆಂದು ಎತ್ತಿದ ಗಾಡಿ ಅಲ್ಲೇ ಹಿಡಿತ ಕಳೆದುಕೊಳ್ಳುತ್ತದೆ. 55ರಲ್ಲಿ, ಆಕ್ಸಲ್ ಕೋನ ತಗ್ಗಿಸಲು ಡಿಫರೆನ್ಶಿಯಲ್ ಇಳಿಸುವ ಕಿಟ್‌ನ ಗೊಡವೆಯೂ ಬೇಕಾಗಲಿಲ್ಲ.

ಸ್ಪ್ರಿಂಗ್ ಬಲ ಮಿಲಿಮೀಟರ್‌ಗೆ 105 ನ್ಯೂಟನ್. ಚಕ್ರದಲ್ಲಿ ಅದು 0.53ರ ವರ್ಗದಿಂದ ಗುಣಿಸಿ 29.5. ಮುಂದೆಂದಾದರೂ ವಿಂಚ್, ಉಕ್ಕಿನ ಬಂಪರ್ ಬಂದು ಪ್ರತಿ ಚಕ್ರದ ಮೇಲೆ 50 ಕೆ.ಜಿ. ಹೆಚ್ಚಾದರೆ ಗಾಡಿ 17 ಮಿ.ಮೀ. ಕೂರುತ್ತದೆ, ಸ್ಪ್ರಿಂಗ್ ಕೂರುವ ತಿರುಪಿನ ಕಾಲರ್ 9 ಮಿ.ಮೀ. ಬಿಗಿದರೆ ಮರಳಿ ಬರುತ್ತದೆ. ಕಾಲರನ್ನು ಚಕ್ರ ನೆಲದಲ್ಲಿರುವಾಗ ತಿರುಗಿಸಬಾರದು, ತಿರುಪಿನ ಎಳೆ ಕಿತ್ತುಹೋಗುತ್ತದೆ.

ಜೋಡಿಸುವಾಗಿನ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ. ಕೆಳಗಿನ ಮತ್ತು ಮೇಲಿನ ತೋಳಿನ ಬುಷ್ ಬೋಲ್ಟ್‌ಗಳನ್ನು ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ಕೊನೆಯ ಬಿಗಿತಕ್ಕೆ ತರಬೇಕು. ಜ್ಯಾಕ್ ಮೇಲೆ ಜೋತಾಡುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಗೇ ಕಚ್ಚಿಕೊಂಡು, ಇಳಿಸಿದ ಕೂಡಲೇ ತಿರುಚಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಡಿ ಲೆಕ್ಕಕ್ಕಿಂತ ಎತ್ತರ ನಿಂತಂತೆ ಕಂಡು ದಾರಿಯೂ ತಪ್ಪಿಸುತ್ತದೆ. ಬಿಗಿತದ ಅಂಕಿ ಆಯಾ ಗಾಡಿಯ ವರ್ಕ್‌ಶಾಪ್ ಕೈಪಿಡಿಯದು, ಅಂದಾಜಿನದಲ್ಲ.

ಹಿಂಭಾಗ

50 ಮಿ.ಮೀ. ಬ್ಲಾಕ್ ಆಕ್ಸಲ್ ಮತ್ತು ಪಟ್ಟಿಯ ನಡುವೆ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಹೊರಡುವಾಗ ಆಕ್ಸಲ್ ತಿರುಚಿಕೊಂಡು ಪಟ್ಟಿ ಎಸ್ ಆಕಾರಕ್ಕೆ ಬಾಗುತ್ತದೆ, ಪಿನಿಯನ್ ಮೂಗು (ಡಿಫರೆನ್ಶಿಯಲ್‌ಗೆ ಶಾಫ್ಟ್ ಸೇರುವ ತುದಿ) ಮೇಲೇಳುತ್ತದೆ. ದೊಡ್ಡ ಟೈರ್ ಆ ತಿರುಚಿಗೆ ಇನ್ನಷ್ಟು ಬಲ ಕೊಡುತ್ತದೆ. ಬ್ಲಾಕ್ ತೆಗೆದು, 45 ಮಿ.ಮೀ. ಎತ್ತರ ಕೊಡುವ ಹೊಸ ಪಟ್ಟಿಕಟ್ಟು ಹಾಕಲಾಯಿತು. ಯು ಬೋಲ್ಟ್ ಹೊಸದೇ ಆಗಬೇಕು, ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ.

ನಡುಕದ ಮೂಲ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಎರಡು ತುಂಡಿನ ಪ್ರೊಪೆಲರ್ ಶಾಫ್ಟ್. ಆಕ್ಸಲ್ ಕೆಳಕ್ಕೆ ಹೋದಾಗ ನಡುವಿನ ಬೇರಿಂಗ್‌ನ ಹಿಂದಿನ ಜಾಯಿಂಟ್ ಕೋನ ಹೆಚ್ಚುತ್ತದೆ. ಹಿಂದಿನ ತುಂಡಿನ ಎರಡು ತುದಿಯ ಕೋನಗಳು 1 ಡಿಗ್ರಿಯೊಳಗೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗುತ್ತದೆ. ಇಲ್ಲಿ ವ್ಯತ್ಯಾಸ 2.6 ಇತ್ತು. ಬೇರಿಂಗ್ ಬ್ರಾಕೆಟ್‌ಗೂ ಫ್ರೇಮಿಗೂ ನಡುವೆ 12 ಮಿ.ಮೀ. ಬಿಲ್ಲೆ ಕೊಟ್ಟು ಬೇರಿಂಗ್ ಇಳಿಸಿದಾಗ 0.8ಕ್ಕೆ ಬಂತು, ನಡುಕ ಹೋಯಿತು.

ಯಾರೂ ನೋಡದ ಒಂದು ಭಾಗ: ಆಕ್ಸಲ್‌ಗೆ ಕಡ್ಡಿಯಿಂದ ಜೋಡಿಸಿದ, ಹೊರೆ ನೋಡಿ ಬ್ರೇಕ್ ಹಂಚುವ ವಾಲ್ವ್. ಗಾಡಿ ಎತ್ತಿದರೆ ಹಿಂದೆ ಸರಕಿಲ್ಲವೆಂದು ಅದು ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಮೊದಲ ಕೆಲಸದಲ್ಲಿ ಇದನ್ನು ಮುಟ್ಟಿರಲೇ ಇಲ್ಲ. ಎತ್ತಿದಷ್ಟೇ, 45 ಮಿ.ಮೀ., ಕಡ್ಡಿಯ ಬ್ರಾಕೆಟ್ ಎತ್ತರಿಸಿ ಮೂಲ ಕೋನಕ್ಕೆ ತರಲಾಯಿತು. ಹಿಂದಿನ ಬ್ರೇಕ್ ಹೋಸ್ ಬದಲು 50 ಮಿ.ಮೀ. ಹೆಚ್ಚು ಉದ್ದದ್ದು ಬಂತು. ದೊಡ್ಡ ಟೈರಿನಿಂದಲೇ ನೆಲದ ಮೇಲಿನ ಬ್ರೇಕ್ ಬಲ 7 ಶೇಕಡದಷ್ಟು ಇಳಿದಿರುತ್ತದೆ, ಅದರ ಮೇಲೆ ಇದೂ ಸೇರಿದರೆ ಕಷ್ಟ.

ಗೇರ್ ಮತ್ತು ಉಳಿದದ್ದು

ಟೈರ್ 7.3 ಶೇಕಡ ದೊಡ್ಡದಾದ್ದರಿಂದ 3.73 ಈಗ 3.48ರಂತೆ ನಡೆಯುತ್ತದೆ. ಮೂಲಕ್ಕೆ ಮರಳಲು 4.00 ಬೇಕು, ಆದರೆ ಟೈರ್ ತಲಾ 17 ಕೆ.ಜಿ.ಯಿಂದ ಸುಮಾರು 26 ಕೆ.ಜಿ.ಗೆ ಏರಿದೆ, ಅದನ್ನು ತಿರುಗಿಸುವ ಹೊರೆ ಇನ್ನೂ ಹೆಚ್ಚು. 4.30 ಹಾಕಲಾಯಿತು. 0.72 ಓವರ್‌ಡ್ರೈವ್‌ನಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಇಂಜಿನ್ ಮೂಲದಲ್ಲಿ ಸುಮಾರು 1,900 ಸುತ್ತು, ದೊಡ್ಡ ಟೈರಿನೊಂದಿಗೆ 1,770, ಈಗ 2,040. ಮುಂದಿನ ಡಿಫರೆನ್ಶಿಯಲ್ ಬದಲಿಸದೆ ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಶಕ್ತಿಯನ್ನು ಮುಂದೆ, ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ನಡುವೆ ಸಾಯುತ್ತದೆ. ಹೊಸ ಗೇರಿಗೆ ಮೊದಲ ಓಟ 25 ಕಿ.ಮೀ. ಮೀರದೆ, ಪೂರ್ತಿ ತಣ್ಣಗಾಗಲು ಬಿಟ್ಟು, ಹಾಗೆ ಮೂರು ಸಲ, 800 ಕಿ.ಮೀ.ಗೆ ಎಣ್ಣೆ ಬದಲು.

ಸ್ಪೀಡೋಮೀಟರ್ ಟೈರಿಗೂ ಗೇರಿಗೂ ಸೇರಿ ಹೊಂದಿಸಬೇಕು. ಹೆಡ್‌ಲೈಟ್ ಮುಖ ತಗ್ಗಿಸಬೇಕು. ಗಾಳಿಯ ಒತ್ತಡಕ್ಕೆ ಬಾಗಿಲಿನ ಚೀಟಿ ಇನ್ನು ಉಪಯೋಗವಿಲ್ಲ: ಟೈರಿನ ಅಗಲಕ್ಕೆ ಸೀಮೆಸುಣ್ಣದ ಪಟ್ಟೆ ಎಳೆದು ನೇರಕ್ಕೆ ನೂರು ಮೀಟರ್ ಓಡಿಸಿ, ಪಟ್ಟೆ ಅಂಚಿನಿಂದ ಅಂಚಿಗೆ ಸಮನಾಗಿ ಅಳಿಸುವ ಒತ್ತಡವೇ ಸರಿ. ಈ ಗಾಡಿಗೆ ಮುಂದೆ 35, ಹಿಂದೆ ಖಾಲಿ ಇದ್ದಾಗ 32 ಪಿಎಸ್‌ಐ.

ಅಲೈನ್‌ಮೆಂಟ್: ಕ್ಯಾಸ್ಟರ್ ಎಡ 3.1, ಬಲ 3.3, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಎರಡೂ ಬದಿ −0.2; ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಖ) ಒಟ್ಟು 0.1 ಡಿಗ್ರಿ ಒಳಕ್ಕೆ. ಕ್ಯಾಮ್ ಬೋಲ್ಟ್‌ಗಳ ತಲೆಗೂ ಬ್ರಾಕೆಟ್‌ಗೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದಿಡಲಾಯಿತು. ದೊಡ್ಡ ಟೈರಿನ ಗಾಡಿ ಕಲ್ಲಿಗೆ ಹೊಡೆದಾಗ ಮೊದಲು ಜಾರುವುದು ಅವೇ.

1,000 ಕಿ.ಮೀ. ಆದ ಮೇಲೆ ಸ್ಪ್ರಿಂಗ್ ಕೂತು ಮುಂಭಾಗ ಬಲಬದಿ 6 ಮಿ.ಮೀ. ಇಳಿದಿತ್ತು, ಎಡಬದಿ ಅದಕ್ಕಿಂತ 7 ಹೆಚ್ಚು: ಎಡಗಡೆ ಸ್ಟೇರಿಂಗಿನ ಈ ಗಾಡಿಯಲ್ಲಿ ಚಾಲಕ ಮತ್ತು ಇಂಧನ ಟ್ಯಾಂಕ್ ಎರಡೂ ಆ ಕಡೆಗೇ. ಎಡ ಕಾಲರ್ 7, ಬಲ ಕಾಲರ್ 3 ಮಿ.ಮೀ. ಬಿಗಿದು, ಮತ್ತೆ ಅಲೈನ್‌ಮೆಂಟ್ ಮಾಡಲಾಯಿತು. ಚಕ್ರದ ನಟ್ಟುಗಳು ಮೊದಲ 100 ಕಿ.ಮೀ.ಗೇ ಮರುಬಿಗಿತ ಕಂಡಿದ್ದವು.

ಕೊನೆಯ ಪರೀಕ್ಷೆಗೆ ಎರಡೂ ಕ್ಯಾಬ್ ಮೌಂಟ್ ಮೇಲೆ ಮಕ್ಕಳು ಆಡುವ ಮೇಣದ ಜೇಡಿಮಣ್ಣಿನ ಉಂಡೆ ಅಂಟಿಸಿ, ಸ್ಟೇರಿಂಗ್ ತುದಿಗೆ ತಿರುಗಿಸಿ, ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಲಾಯಿತು. ಚಪ್ಪಟೆಯಾದ ಉಂಡೆಯ ದಪ್ಪ ಬಲಕ್ಕೆ 13 ಮಿ.ಮೀ., ಎಡಕ್ಕೆ 11. ಲೆಕ್ಕದ 15ರಲ್ಲಿ ಬುಷ್‌ಗಳು ತಿಂದದ್ದು ಬಲಗಡೆ 2. ಎಡಗಡೆ ಹೆಚ್ಚಿಗೆ ಹೋದ 2ಕ್ಕೆ ಕಾರಣ ಎಡ ಕ್ಯಾಸ್ಟರನ್ನು 0.2 ಡಿಗ್ರಿ ಕಡಿಮೆ ಇಟ್ಟದ್ದು ಮತ್ತು ತೋಳಿನ ಹಿಂದಿನ ಬುಷ್ ಹಳೆಯದಾಗಿದ್ದದ್ದು. ಆ ಬುಷ್ ಬದಲಿಸುವುದು ಬಾಕಿ ಪಟ್ಟಿಗೆ ಹೋಯಿತು. ಅದೇ ಪಟ್ಟಿಯಲ್ಲಿ ಸ್ಟೆಪ್ನಿ ಕೂಡ ಇದೆ: ಹಿಂದಿನ ಡೆಕ್ಕಿನ ಕೆಳಗೆ 834 ಮಿ.ಮೀ. ಟೈರ್ ಹಿಡಿಸುವುದಿಲ್ಲ, ಸೈಲೆನ್ಸರ್ ಪೈಪಿಗೆ ತಾಗುತ್ತದೆ. ಸದ್ಯಕ್ಕೆ ಅದು ಡೆಕ್ಕಿನ ಮೇಲೆ, ಎರಡು ರ‍್ಯಾಚೆಟ್ ಪಟ್ಟಿಗಳಿಂದ ಬಿಗಿದು, ಮಲಗಿದೆ.